ಪದ ಬೇಕು: ಪ್ರೋಟೋಟೈಪ್‌ಗೆ ‘ಮಾದರಿ’ ಸಾಕಾ?

ಎಲ್ಲರಿಗೂ ನಮಸ್ಕಾರ.

ನಾನು ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಟೀಚರ್. ವಿಜ್ಞಾನಿಗಳು ಪ್ರಶ್ನೆ ಕೇಳಿ ಉತ್ತರ ಹುಡುಕುವ ರೀತಿ ಒಂದು. ಇಂಜಿನಿಯರ್‌ಗಳು ಒಂದು ತೊಂದರೆಗೆ ಪರಿಹಾರ ಕಟ್ಟುವ ರೀತಿ ಇನ್ನೊಂದು. ಇವೆರಡನ್ನೂ ಮಕ್ಕಳು ಬೇರೆ ಬೇರೆಯಾಗಿ ಮಾಡಿ ಕಲಿಯಬೇಕು ಅನ್ನೋದು ನನ್ನ ಆಸೆ. ಆದರೆ ಫೆಬ್ರವರಿ 28ರ ವಿಜ್ಞಾನ ದಿನಕ್ಕೂ ಸೆಪ್ಟೆಂಬರ್ 15ರ ಇಂಜಿನಿಯರ್‌ಗಳ ದಿನಕ್ಕೂ ಶಾಲೆಗಳಲ್ಲಿ ತಯಾರಾಗುವುದು ಒಂದೇ: ಥರ್ಮಾಕೋಲ್ ಮಾದರಿ.

ವ್ಯತ್ಯಾಸ ಏನು ಅನ್ನೋದಕ್ಕೆ ನಮ್ಮ ಬಾಟಲಿ ಫಿಲ್ಟರನ್ನೇ ನೋಡಿ. ಎರಡು ಲೀಟರ್ ಬಾಟಲಿಯ ತಳ ಕತ್ತರಿಸಿ, ತಲೆಕೆಳಗು ಮಾಡಿ, ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಒಳಗೆ ಇದ್ದಿಲು, ಅದರ ಮೇಲೆ ಮರಳು, ಮೇಲೆ ಸಣ್ಣ ಜಲ್ಲಿ. ‘ಮರಳಿನ ದಪ್ಪ ಹೆಚ್ಚಿದರೆ ಕೆರೆ ನೀರು ಹೆಚ್ಚು ತಿಳಿಯಾಗುತ್ತಾ?’ ಅಂತ ಕೇಳಿದರೆ ಅದು ವಿಜ್ಞಾನದ ಪ್ರಶ್ನೆ. ಆಗ ಮರಳಿನ ದಪ್ಪ ಮಾತ್ರ ಬದಲಾಗಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು. ‘ಒಂದು ಬಿಂದಿಗೆ ನೀರು ಮಧ್ಯಾಹ್ನದ ಊಟದೊಳಗೆ ಸೋಸಬೇಕು, 50 ರೂಪಾಯಿ ಮೀರಬಾರದು’ ಅಂದರೆ ಅದು ಇಂಜಿನಿಯರಿಂಗ್. ಇಲ್ಲಿ ಮರಳು, ಬಟ್ಟೆ, ಇದ್ದಿಲು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬಹುದು. ಕೆಲಸ ಆದರೆ ಸರಿ. ಆದರೆ ಯಾವುದರಿಂದ ಆಯಿತು ಅಂತ ಗೊತ್ತಾಗಬೇಕಾದರೆ ಮತ್ತೆ ಮೊದಲಿನ ದಾರಿಗೇ ಬರಬೇಕು. ಈ ಹೋಗಿ ಬರುವುದೇ ಪಾಠದ ಜೀವ.

ಅಮೆರಿಕದಲ್ಲಿ 2013ರಲ್ಲಿ ಬಂದ ಶಾಲಾ ವಿಜ್ಞಾನದ ಮಾನದಂಡಗಳಲ್ಲೂ ಈ ಗೆರೆ ಇದೆ. ಅಲ್ಲಿರುವ ಎಂಟು ಅಭ್ಯಾಸಗಳಲ್ಲಿ ಮೊದಲನೆಯದೇ, ವಿಜ್ಞಾನದಲ್ಲಿ ಪ್ರಶ್ನೆ ಕೇಳುವುದು, ಇಂಜಿನಿಯರಿಂಗ್‌ನಲ್ಲಿ ಸಮಸ್ಯೆಯನ್ನು ಸರಿಯಾಗಿ ಗುರುತಿಸಿ ಹೇಳುವುದು.

ಸಮಸ್ಯೆ ಗುರುತಿಸುವುದು ಸುಮ್ನೆ ಮಾತಲ್ಲ. ಒಬ್ಬ ಹುಡುಗಿ ಕೇಳಿದಳು, “ಮಿಸ್, ಇದರಲ್ಲಿ ಫ್ಲೋರೈಡ್ ಹೋಗುತ್ತಾ?” ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಇರುವ ಕೋಲಾರದ ಮಗು ಕೇಳಲೇಬೇಕಾದ ಪ್ರಶ್ನೆ. ಹೋಗುವುದಿಲ್ಲ. ಫ್ಲೋರೈಡ್ ನೀರಿನಲ್ಲಿ ಕರಗಿರುತ್ತೆ, ಮರಳು ಅದನ್ನು ಹಿಡಿಯಲ್ಲ. ಅದಕ್ಕೆ ಫ್ಲೋರೈಡನ್ನು ತನ್ನ ಮೇಲೆ ಹಿಡಿದುಕೊಳ್ಳುವ ಆಕ್ಟಿವೇಟೆಡ್ ಅಲ್ಯೂಮಿನಾ ಬೇಕು, ಇಲ್ಲವೇ ಸುಣ್ಣ, ಪಟಿಕ ಹಾಕಿ ತಿಳಿ ಬಿಡುವ ನಲ್ಗೊಂಡ ವಿಧಾನ ಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತೆ. ತಿಳಿನೀರೆಲ್ಲ ಒಳ್ಳೆ ನೀರಲ್ಲ ಅಂತ ಅವತ್ತು ಇಡೀ ತರಗತಿಗೆ ಗೊತ್ತಾಯಿತು. ಸಮಸ್ಯೆಯ ಸಾಲಿನಲ್ಲಿ ‘ಶುದ್ಧ ನೀರು’ ಅಂತ ಬರೆದಿದ್ದನ್ನು ಅಳಿಸಿ, ಏನನ್ನು ತೆಗೆಯಬೇಕು, ಎಷ್ಟು ಅಂತ ಬರೆದರು.

ಈಗ ಪದದ ವಿಷಯ. ಕಟ್ಟಿ, ಪರೀಕ್ಷೆ ಮಾಡಿ, ಸರಿಪಡಿಸಲೆಂದೇ ಮಾಡುವ ವಸ್ತುವಿಗೆ, ಅಂದರೆ ಪ್ರೋಟೋಟೈಪ್‌ಗೆ, ಏನನ್ನೋಣ? ‘ಮಾದರಿ’ ಅನ್ನುತ್ತಿದ್ದೆ. ಅದೇ ಪದ ವಸ್ತುಪ್ರದರ್ಶನದಲ್ಲಿ ಇಡೋದಕ್ಕೂ ಬರುತ್ತೆ, ನೀರಿನ ಸ್ಯಾಂಪಲ್‌ಗೂ ಬರುತ್ತೆ. ‘ಮಾದರಿ ಶಾಲೆ’, ‘ಎಲ್ಲರಿಗೂ ಮಾದರಿ’ ಅಂದಾಗ ತಪ್ಪಿಲ್ಲದ್ದು ಅನ್ನೋ ಅರ್ಥವೂ ಸೇರುತ್ತೆ. ಇದರ ಪರಿಣಾಮ ಕಣ್ಣಾರೆ ಕಂಡೆ. ಒಂದು ಗುಂಪಿನ ಫಿಲ್ಟರ್ ಕಟ್ಟಿಕೊಂಡು ನೀರು ಇಳಿಯುವುದೇ ನಿಂತಿತು. “ಮಾದರಿ ಕೆಟ್ಟೋಯ್ತು ಮಿಸ್” ಅಂತ ಬಾಟಲಿಯನ್ನು ಬೆಂಚಿನ ಕೆಳಗೆ ಬಚ್ಚಿಟ್ಟರು. “ಇದು ಟ್ರಯಲ್ ಅಷ್ಟೇ, ಬಿಚ್ಚಿ ನೋಡಿ” ಅಂದೆ. ತಕ್ಷಣ ಬಿಚ್ಚಿದರು. ಇದ್ದಿಲ ಪುಡಿ ಬಟ್ಟೆಗೆ ಕಪ್ಪಗೆ ಮೆತ್ತಿಕೊಂಡಿತ್ತು. ಇದ್ದಿಲನ್ನು ತೊಳೆದು ಮತ್ತೆ ತುಂಬಿದರು, ನೀರು ಇಳಿಯಿತು.

ಆದರೆ ಟ್ರಯಲ್ ಅನ್ನೋದು ಮಾಡುವ ಕೆಲಸದ ಹೆಸರು, ವಸ್ತುವಿನದಲ್ಲ. ‘ಮೂಲಮಾದರಿ’ ಅಂತ ಬಳಸುವವರಿದ್ದಾರೆ. ‘ಮೂಲ’ ಅಂದ ಕೂಡಲೇ ಮಕ್ಕಳು ಅದನ್ನು ಮುಟ್ಟಲೇಬಾರದು ಅಂದುಕೊಳ್ಳುತ್ತಾರೆ. ನನಗೆ ಹಿಡಿಸಿರೋದು ‘ಕರಡು ಮಾದರಿ’. ಕರಡು ಅಂದರೆ ತಿದ್ದೋದಕ್ಕೇ ಇರೋದು ಅಂತ ಎಲ್ಲರಿಗೂ ಗೊತ್ತು. ಆದರೆ ಕರಡು ಇವತ್ತು ಹೆಚ್ಚಾಗಿ ಬರವಣಿಗೆಗೆ, ಕಾನೂನಿಗೆ ಅಂಟಿಕೊಂಡ ಮಾತು. ವಸ್ತುವಿಗೆ ಹಚ್ಚಿದರೆ ಕಿವಿಗೆ ಒಗ್ಗುತ್ತಾ? ಇನ್ನೊಂದು, ‘ನಮೂನೆ’. ನಮ್ಮ ಮಕ್ಕಳಲ್ಲಿ ಮನೆಮಾತು ತೆಲುಗು ಇರುವವರು ಜಾಸ್ತಿ, ಅವರಿಗೆ ‘ನಮೂನಾ’ ಚೆನ್ನಾಗಿ ಗೊತ್ತು. ಕನ್ನಡದಲ್ಲಿ ಮಾತ್ರ ಅರ್ಜಿ ನಮೂನೆಯೇ ಮೊದಲು ನೆನಪಾಗುತ್ತೆ.

‘ವಿನ್ಯಾಸ’ದ್ದೂ ಸ್ವಲ್ಪ ಇದೇ ಕಥೆ, ಸೀರೆ ಅಂಚು, ರಂಗೋಲಿ ಅಂದುಕೊಳ್ಳುತ್ತಾರೆ. ಅದು ಬಳಕೆಯಿಂದ ಸರಿಹೋಗಬಹುದು. ಖರ್ಚು, ಸಮಯದ ಕಟ್ಟುಪಾಡಿಗೆ ‘ಮಿತಿ’ ಸಾಕು ಅನಿಸುತ್ತೆ. ವಿಜ್ಞಾನದ ಹುಡುಕಾಟಕ್ಕೆ ‘ವಿಚಾರಣೆ’ ಬೇಡ, ಪೊಲೀಸ್ ಸ್ಟೇಷನ್ ನೆನಪಾಗುತ್ತೆ. ‘ವಿಚಾರಿಸಿ ನೋಡೋದು’ ಅಂದರೆ ಮಾತ್ರ ಮಕ್ಕಳು ಹಿಂಜರಿಯಲ್ಲ. ಒಂದೇ ಧಾತು, ಎಷ್ಟು ದೂರ ಅಲ್ವಾ?

ಲೇತ್ ವರ್ಕ್‌ಶಾಪ್, ಬಡಗಿ ಕೆಲಸ, ಪಾಲಿಟೆಕ್ನಿಕ್ ಕಡೆಯವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಗಿರಾಕಿಗೆ ಕೊಡುವ ಮೊದಲು ನೋಡಲಿಕ್ಕೆಂದು ಮಾಡುವ ಒಂದು ಪೀಸಿಗೆ ನಿಮ್ಮಲ್ಲಿ ಏನನ್ನುತ್ತಾರೆ? ಹಾಗೇ, ‘ಕರಡು’ ಪದವನ್ನು ಬರವಣಿಗೆಯ ಹೊರಗೆ, ಕೈಯಲ್ಲಿ ಮಾಡಿದ ವಸ್ತುವಿಗೆ ಬಳಸಿದ್ದನ್ನು ನಿಮ್ಮ ಊರಲ್ಲಿ ಕೇಳಿದ್ದೀರಾ?