ದೊಡ್ಡಪ್ಪ ಕಳಿಸಿದ ಒಂಬತ್ತು ನಿಮಿಷದ ವಿಡಿಯೊ

(ನಮ್ಮ ‘ಹಳೇಮನೆ ಬಳಗ’ ಗುಂಪಲ್ಲಿ ನಡೆದ ಜಗಳ. ಶಾರದತ್ತೆಗೆ ಕ್ಯಾನ್ಸರ್, ಕೀಮೋ ಚಿಕಿತ್ಸೆ ನಡೀತಿದೆ; ಪಲ್ಲವಿ ಅವರ ಮಗಳು, ನಾನು ಫಿಸಿಯೋಥೆರಪಿಸ್ಟ್. ಅತ್ತೆ ಒಪ್ಪಿದ ಮೇಲೆ, ಹೆಸರು ಬದಲಿಸಿ ಹಾಕ್ತಿದೀನಿ. ನಡುವಿನ ಶುಭೋದಯದ ಹೂಗಳನ್ನ ತೆಗೆದಿದೀನಿ.)

ದೊಡ್ಡಪ್ಪ, 6:12: [ವಿಡಿಯೊ: ಕೀಮೋ ಸುಸ್ತಿಗೆ 9 ನಿಮಿಷದ ರಾಮಬಾಣ! ಏಳೇ ದಿನದಲ್ಲಿ ಫಲಿತಾಂಶ]
ಪಲ್ಲವಿ, ನಿಮ್ಮಮ್ಮನಿಗೆ ಇವತ್ತಿಂದಲೇ ಶುರು ಮಾಡಿಸು. ಮಲಗಿದಷ್ಟೂ ಮೈ ಭಾರ.

ರಘು ಭಾವ, 7:40: ದೊಡ್ಮಾವ, ಕೊನೇವರೆಗೂ ನೋಡಿದ್ರಾ? ಎಂಟನೇ ನಿಮಿಷದಲ್ಲಿ ‘ಪೂರ್ತಿ ಕೋರ್ಸಿಗೆ 1,499 ರೂಪಾಯಿ’ ಅಂತಿದೆ.

ದೊಡ್ಡಪ್ಪ, 7:44: ದುಡ್ಡು ಕೇಳಿದ ಮಾತ್ರಕ್ಕೆ ಯೋಗ ಸುಳ್ಳಾಗುತ್ತೇನಪ್ಪಾ? ಯೋಗ ಒಳ್ಳೇದು ಅಂತ ಮುಂಬೈ ಟಾಟಾ ಕ್ಯಾನ್ಸರ್ ಆಸ್ಪತ್ರೆಯವರೇ ಹೇಳಿದಾರೆ, ಪೇಪರಲ್ಲಿ ಬಂದಿತ್ತು.

ನಾನು, 7:58: ಹೇಳಿದ್ದು ನಿಜ ದೊಡ್ಡಪ್ಪ, 2022ರಲ್ಲಿ. ಸ್ತನ ಕ್ಯಾನ್ಸರಿನ 850 ಹೆಂಗಸರ ಮೇಲೆ ನಡೆದ ಅಧ್ಯಯನ. ಆದ್ರೆ ಅವರೆಲ್ಲ ಮಾಮೂಲಿ ಚಿಕಿತ್ಸೆ ತಗೊಂಡವರೇ, ಅದರ ಜೊತೆಗೆ ಯೋಗ ಮಾಡಿದ್ದು ಅವರಲ್ಲಿ ಒಂದು ಗುಂಪು. ಕ್ಯಾನ್ಸರ್ ರೋಗಿಗೆ ತಕ್ಕ ಹಾಗೆ ಆಸನ ಹೊಂದಿಸಿ ಕಲಿಸಿದ್ರು. ನೀವು ಕಳಿಸಿರೋದ್ರಲ್ಲಿ ಮೂರನೇ ನಿಮಿಷಕ್ಕೇ ಒಂಟಿ ಕಾಲಲ್ಲಿ ನಿಲ್ಲಿಸ್ತಾನೆ.

ದೊಡ್ಡಪ್ಪ, 8:01: ವೃಕ್ಷಾಸನ. ನಾನೇ ದಿನಾ ಮಾಡ್ತೀನಿ.

ನಾನು, 8:03: ನಿಮ್ಮ ಪಾದಕ್ಕೆ ನೆಲ ಗೊತ್ತಾಗುತ್ತೆ. ಅತ್ತೆಗೆ ಈಗ ಕೊಡ್ತಿರೋ ಔಷಧಿಯಿಂದ ಪಾದ ಜೋಮು ಹಿಡಿಯುತ್ತೆ.

ಪಲ್ಲವಿ, 8:10: ಹೌದು. ಮೊನ್ನೆ ಲ್ಯಾಬಿಂದ ಬರುವಾಗ ಅಮ್ಮನ ಒಂದು ಚಪ್ಪಲಿ ದಾರೀಲೇ ಉಳಿದಿತ್ತು. ಆಟೋ ಹತ್ತೋವರೆಗೂ ಅವರಿಗೇ ಗೊತ್ತಿಲ್ಲ.

ರಘು ಭಾವ, 8:15: ನೋಡಿ. ಅದಕ್ಕೇ ಸುಮ್ನೆ ರೆಸ್ಟ್ ಮಾಡಲಿ ಅನ್ನೋದು. ಸುಸ್ತಾದವರಿಗೆ ಕಸರತ್ತು ಮಾಡಿಸೋದು ಎಲ್ಲಿಯ ನ್ಯಾಯ? ನಿದ್ದೆ ಮಾಡಿದ್ರೆ ತಾನೇ ಸರಿ ಹೋಗುತ್ತೆ.

ಪಲ್ಲವಿ, 8:19: ಸರಿ ಹೋಗ್ತಿಲ್ಲ ಭಾವ. ರಾತ್ರಿ ಎಂಟು ಗಂಟೆ ಮಲಗಿ ಎದ್ದು, ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿಯೋ ತನಕ ನಿಲ್ಲೋಕಾಗದೆ ಸ್ಟೂಲ್ ಎಳ್ಕೊಂಡು ಕೂತ್ರು.

ನಾನು, 8:31: ಈ ಸುಸ್ತಿನ ಲಕ್ಷಣವೇ ಅದು. ಗದ್ದೇಲಿ ದುಡಿದು ಬಂದ ಸುಸ್ತು ಉಂಡು ಮಲಗಿದ್ರೆ ಇಳಿಯುತ್ತೆ. ಇದಕ್ಕೂ ಮಾಡಿದ ಕೆಲಸಕ್ಕೂ ಲೆಕ್ಕವೇ ಇಲ್ಲ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ನೋವು, ನಿದ್ದೆ, ಮನಸ್ಸಿನ ಕುಗ್ಗು ಎಲ್ಲ ಡಾಕ್ಟರಿಗೆ ತೋರಿಸಿ ನೋಡಬೇಕು. ಬರೀ ಮಲಗೇ ಇದ್ರೆ ಸ್ನಾಯು ಕರಗುತ್ತೆ, ಆಮೇಲೆ ಬಚ್ಚಲಿಗೆ ಹೋಗಿ ಬರೋದೂ ಬೆಟ್ಟ ಹತ್ತಿದ ಹಾಗೆ.

ರಘು ಭಾವ, 8:34: ಇಷ್ಟೆಲ್ಲ ಯಾಕೆ, ಏನಾದ್ರೂ ಮಾತ್ರೆ ಇರುತ್ತಲ್ಲ.

ನಾನು, 8:42: 2017ರಲ್ಲಿ 113 ಅಧ್ಯಯನ, 11 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟು ಹಾಕಿ ನೋಡಿದ್ರು. ಈ ಸುಸ್ತಿಗೆ ಮಾತ್ರೆಗಿಂತ ವ್ಯಾಯಾಮ, ಮನಸ್ಸಿನ ಚಿಕಿತ್ಸೆಗಳೇ ಹೆಚ್ಚು ಕೆಲಸ ಮಾಡಿದ್ವು. ಅದೇ ವರ್ಷ ನಮ್ಮ ಬೆಂಗಳೂರಿನದೇ ಒಂದು ಅಧ್ಯಯನ ಪ್ರಕಟವಾಯ್ತು. ಸ್ತನ ಕ್ಯಾನ್ಸರ್ ಮೈಯ ಬೇರೆ ಕಡೆಗೂ ಹಬ್ಬಿದ್ದ 91 ಹೆಂಗಸರು, ಮೂರು ತಿಂಗಳು. ಯೋಗ ಮಾಡಿದವರ ಸುಸ್ತು ಬರೀ ಸಲಹೆ ಪಡೆದವರಿಗಿಂತ ಕಮ್ಮಿಯಾಯ್ತು.

ದೊಡ್ಡಪ್ಪ, 8:43: ನಾನು ಹೇಳಿದ್ದೂ ಅದನ್ನೇ!!

ನಾನು, 8:47: ಅಲ್ಲ ದೊಡ್ಡಪ್ಪ. ‘ಏಳು ದಿನ, ರಾಮಬಾಣ’ ಅಂತ ಅವರು ಎಲ್ಲೂ ಹೇಳಿಲ್ಲ. ಕ್ಯಾನ್ಸರ್ ಮೂಳೆಗೆ ಹಬ್ಬಿದವರು ಆ ವಿಡಿಯೊ ನೋಡಿ ಸೊಂಟ ತಿರುಚಿದ್ರೆ ಬೆನ್ನುಮೂಳೆ ಮುರಿಯಬಹುದು.

ದೊಡ್ಡಪ್ಪ, 8:49: ಈ ಸಂದೇಶವನ್ನು ಅಳಿಸಲಾಗಿದೆ.

ರಘು ಭಾವ, 8:52: ಹಾಗಾದ್ರೆ ಏನು ಮಾಡಬೇಕು ಅಂತೀಯ, ಫಿಸಿಯೋ ಮೇಡಂ?

ನಾನು, 9:05: ಕೈ ಇರೋ ಕುರ್ಚಿ, ಗೋಡೆಗೆ ಒತ್ತಿಟ್ಟಿರಬೇಕು. ಪಾದ ಎರಡೂ ನೆಲದ ಮೇಲೆ. ಉಸಿರು ಒಳಗೆ ತಗೊಳ್ತಾ ಕೈ ಎತ್ತೋದು, ಆಪರೇಷನ್ ಆದ ಕಡೆ ಎಷ್ಟು ಬರುತ್ತೋ ಅಷ್ಟೇ. ಬಿಡ್ತಾ ಇಳಿಸೋದು. ಆಮೇಲೆ ಕೂತಲ್ಲೇ ಮೈಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಚೀನಾದ ತಾಯ್ ಚಿಯಲ್ಲಿ ಮಾಡ್ತಾರಲ್ಲ, ಅಷ್ಟು ನಿಧಾನಕ್ಕೆ. ಗಮನ ಮೈಯಲ್ಲಿರಬೇಕು, ಟೀವೀಲಿ ಅಲ್ಲ. ಐದು ನಿಮಿಷ ಸಾಕು. ಇನ್ನೂ ಸ್ವಲ್ಪ ಮಾಡಬಹುದು ಅನ್ನಿಸುವಾಗಲೇ ನಿಲ್ಲಿಸಬೇಕು. ಜ್ವರ ಬಂದ ದಿನ ಬೇಡವೇ ಬೇಡ.

ಶಾರದತ್ತೆ, 11:20: ನಾನೂ ಈ ಗುಂಪಲ್ಲಿದೀನಿ ಅನ್ನೋದು ಮರೆತ್ರಾ?

ಶಾರದತ್ತೆ, 11:26: ಅಣ್ಣ ಎದ್ದೇಳು ಅಂತಾನೆ, ರಘು ಮಲಗು ಅಂತಾರೆ. ನೀನು ಗಮನ ಮೈಮೇಲಿಡು ಅಂತೀಯ. ಎಂಟು ತಿಂಗಳಿಂದ ಈ ಮೈ ಬಿಟ್ಟು ಬೇರೆ ಯಾವುದರ ಮೇಲೆ ಗಮನ ಇಟ್ಟಿದೀನಿ ಹೇಳು? ಎಲ್ಲಿ ನೋವು, ಎಲ್ಲಿ ಊತ, ಎಲ್ಲಿ ಗಂಟು. ಕಣ್ಣು ಮುಚ್ಚಿದ್ರೆ ಅದೇ. ಇನ್ನೂ ಅಲ್ಲೇ ನೋಡು ಅಂದ್ರೆ ನನಗೆ ಭಯ ಆಗುತ್ತೆ ಕಣೇ.

(ಇಷ್ಟು ವರ್ಷ ಈ ಕೆಲಸ ಮಾಡ್ತಿದೀನಿ, ಈ ಮಾತು ನನಗೆ ಹೊಳೆದಿರಲಿಲ್ಲ. ಹದಿನೈದು ನಿಮಿಷ ಏನೂ ಟೈಪ್ ಮಾಡಲಿಲ್ಲ.)

ನಾನು, 11:41: ತಪ್ಪಾಯ್ತು ಅತ್ತೆ. ಕಣ್ಣು ಮುಚ್ಚಬೇಡಿ. ಮೈ ಕಡೆಗೂ ನೋಡಬೇಡಿ. ಕಿಟಕಿ ಆಚೆ ಸೀಬೆಗಿಡ ಇದೆಯಲ್ಲ, ಅದನ್ನ ನೋಡ್ತಾ ಕೈ ಎತ್ತಿ ಇಳಿಸಿ. ಅಳಿಲು ಬಂದ್ರೆ ಅದನ್ನೇ ನೋಡಿ.

ಶಾರದತ್ತೆ, 11:50: ಅದಾದ್ರೆ ಮಾಡ್ತೀನಿ. ವಿಡಿಯೊ ಯಾರೂ ಕಳಿಸಬೇಡಿ. ಸಾಯಂಕಾಲ ಐದಕ್ಕೆ ಗೇಟಿನವರೆಗೆ ನಡೆಯೋಕೆ ಪಕ್ಕದಲ್ಲಿ ಒಬ್ಬರು ಬೇಕು. ಪಲ್ಲವಿ ಆಫೀಸಿಂದ ಬರೋದು ಏಳಕ್ಕೆ.

ದೊಡ್ಡಪ್ಪ, 11:52: ನಾನು ಬರ್ತೀನಿ. ಮಂಡಿನೋವು, ನಾನೂ ನಿಧಾನವೇ.

ಶಾರದತ್ತೆ, 11:53: ವೃಕ್ಷಾಸನ ಮಾಡೋ ಮಂಡೀನಾ ಅಣ್ಣ? ಸರಿ ಬಾ. ಮಂಗಳವಾರ ಬೇಡ, ಪರೀಕ್ಷೆಗೆ ರಕ್ತ ಕೊಡೋದಿದೆ. ಬರುವಾಗ ಫೋನ್ ಮನೇಲೇ ಬಿಟ್ಟು ಬಾ.