ಪೈಥಾನ್‌ನಿಂದ ಎಫ್‌ಎಫ್‌ಎಂಪೆಗ್ ಓಡಿಸಿದರೆ ಉದ್ದದ ವಿಡಿಯೊಗಳಲ್ಲಿ ಮಾತ್ರ ನಿಂತುಬಿಡುತ್ತದೆ, ಯಾಕೆ?

ಪ್ರಶ್ನೆ

ಉಬುಂಟು ಸರ್ವರ್, ಪೈಥಾನ್ 3.10. ಫೋಲ್ಡರಿನಲ್ಲಿರುವ ವಿಡಿಯೊಗಳನ್ನು ಒಂದೊಂದಾಗಿ, ವಿಡಿಯೊ ಪರಿವರ್ತಿಸುವ ಪ್ರೋಗ್ರಾಂ ಆದ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು ಗಾತ್ರ ಇಳಿಸುವ ಸ್ಕ್ರಿಪ್ಟ್. ಸಬ್‌ಪ್ರೊಸೆಸ್‌ನ ಪೋಪೆನ್‌ನಲ್ಲಿ ಸ್ಟ್ಯಾಂಡರ್ಡ್ ಔಟ್‌ಪುಟ್, ಸ್ಟ್ಯಾಂಡರ್ಡ್ ಎರರ್ ಎರಡಕ್ಕೂ ಪೈಪ್ (ಒಂದು ಪ್ರೊಸೆಸ್ ಬರೆದದ್ದನ್ನು ಇನ್ನೊಂದು ಓದುವ ದಾರಿ) ಹಾಕಿದ್ದೇನೆ. ಆಮೇಲೆ ವೇಟ್ (ಪ್ರೊಸೆಸ್ ಮುಗಿಯುವವರೆಗೆ ಕಾಯುವುದು), ಅದು ಮುಗಿದ ಮೇಲೆ ಎರರ್ ಓದಿ ಲಾಗ್‌ಗೆ ಬರೆಯುವುದು. ಎರಡು ಮೂರು ನಿಮಿಷದ ಕೆಲಸವಾದರೆ ಸರಾಗ. ಅರ್ಧ ಗಂಟೆಯದಾದರೆ ಆರೇಳು ನಿಮಿಷಕ್ಕೆ ಗಪ್‌ಚುಪ್. ಟಾಪ್‌ನಲ್ಲಿ ಸಿಪಿಯು ಸೊನ್ನೆ, ಎರರ್ ಇಲ್ಲ, ಪ್ರೊಸೆಸ್ ಸತ್ತೂ ಇಲ್ಲ. ಅದೇ ಕಮಾಂಡ್ ಟರ್ಮಿನಲ್‌ನಲ್ಲಿ ಕೊನೆಯವರೆಗೂ ಓಡುತ್ತದೆ. ಬಫ್‌ಸೈಜ್ ಹೆಚ್ಚಿಸಿದರೂ ಅಷ್ಟೇ.

ಉತ್ತರ 1

ಎಡವಟ್ಟು ಇರುವುದು ವೇಟ್‌ನಲ್ಲಿ. ಲಿನಕ್ಸ್‌ನಲ್ಲಿ ಒಂದು ಪೈಪ್ ಸಾಮಾನ್ಯವಾಗಿ ಹಿಡಿಯುವುದು 65,536 ಬೈಟ್. ತುಂಬಿತೆಂದರೆ, ಯಾರಾದರೂ ಓದಿ ಜಾಗ ಮಾಡುವವರೆಗೆ ಬರೆಯುವ ಪ್ರೊಸೆಸ್ ಅಲ್ಲೇ ನಿಲ್ಲಬೇಕು. ನೀವು ಓದುವುದು ಎಫ್‌ಎಫ್‌ಎಂಪೆಗ್ ಮುಗಿದ ಮೇಲೆ. ಅದು ಮುಗಿಯುವುದು ನೀವು ಓದಿದ ಮೇಲೆ. ‘ನೀವು ಮೊದಲು, ನೀವು ಮೊದಲು’ ಎಂದು ಇಬ್ಬರೂ ಬಾಗಿಲಲ್ಲೇ ನಿಂತ ಹಾಗಾಯಿತು.

ಆರೇಳು ನಿಮಿಷಕ್ಕೂ ಲೆಕ್ಕ ಇದೆ. ಎಫ್‌ಎಫ್‌ಎಂಪೆಗ್ ಅರ್ಧ ಸೆಕೆಂಡಿಗೊಮ್ಮೆ ಫ್ರೇಮ್, ಸಮಯ, ವೇಗ ಇರುವ ಒಂದು ಸಾಲನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ. ಟರ್ಮಿನಲ್‌ನಲ್ಲಿ ಅದು ಒಂದೇ ಜಾಗದಲ್ಲಿ ಅಳಿಸಿ ಬರೆದಂತೆ ಕಾಣುವುದರಿಂದ ಎಷ್ಟು ಹರಿದಿದೆ ಅಂತ ಗೊತ್ತಾಗುವುದೇ ಇಲ್ಲ. ಸಾಲಿಗೆ 85 ಬೈಟ್ ಹಿಡಿದರೆ ಸುಮಾರು 770 ಸಾಲಿಗೆ ಪೈಪ್ ಭರ್ತಿ, ಅಂದರೆ ಆರೂವರೆ ನಿಮಿಷ.

ಖಚಿತ ಮಾಡಿಕೊಳ್ಳಲು, ನಿಂತಿರುವಾಗ ಆ ಪ್ರೊಸೆಸ್‌ನ ನಂಬರ್ ಕೊಟ್ಟು ಎಸ್‌ಟ್ರೇಸ್ (ಪ್ರೊಸೆಸ್ ಕರ್ನೆಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸಾಧನ) ಹಾಕಿ. ರೈಟ್ ಕರೆಯಲ್ಲಿ, ಮೊದಲ ಆರ್ಗ್ಯುಮೆಂಟ್ 2 (ಸ್ಟ್ಯಾಂಡರ್ಡ್ ಎರರ್‌ನ ಸಂಖ್ಯೆ) ಆಗಿ, ಮುಗಿಯದೆ ನಿಂತಿದ್ದರೆ ಇದೇ ಕಾರಣ.

ಪೋಪೆನ್ ಬಿಟ್ಟು ರನ್ ಬಳಸಿ, ಕ್ಯಾಪ್ಚರ್ ಔಟ್‌ಪುಟ್ ಟ್ರೂ ಮಾಡಿ. ಅದು ಒಳಗೆ ಕಮ್ಯುನಿಕೇಟ್ ಕರೆದು ಎರಡೂ ಪೈಪನ್ನು ಒಟ್ಟಿಗೆ ಓದುತ್ತದೆ. ಮೊದಲು ಔಟ್‌ಪುಟ್ ಪೂರ್ತಿ ಓದಿ ಆಮೇಲೆ ಎರರ್ ಓದುತ್ತೇನೆ ಅಂತ ಹೊರಟರೆ ಮತ್ತೆ ಅದೇ ಗುಂಡಿ. ಎಫ್‌ಎಫ್‌ಎಂಪೆಗ್‌ಗೆ ನೋಸ್ಟ್ಯಾಟ್ಸ್ ಕೊಟ್ಟು, ಲಾಗ್‌ಲೆವೆಲ್ ವಾರ್ನಿಂಗ್‌ಗೆ ಇಳಿಸಿ. ಆ ಸಾಲುಗಳು ನಿಮಗೆ ಬೇಕಾಗೂ ಇಲ್ಲ.

ಉತ್ತರ 2

3.10ರಲ್ಲಿ ಪೋಪೆನ್‌ಗೆ ಪೈಪ್‌ಸೈಜ್ ಅಂತ ಹೊಸ ಪ್ಯಾರಾಮೀಟರ್ ಬಂದಿದೆಯಲ್ಲ, ಅದನ್ನು 1 ಎಂಬಿ ಮಾಡಿದರೆ ಸಾಲದೇ?

ಉತ್ತರ 1

ಸಾಲದು. ಹದಿನಾರು ಪಟ್ಟು ದೊಡ್ಡ ಪೈಪ್, ಅಷ್ಟೇ: ಆರೂವರೆ ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಒಂದೂಮುಕ್ಕಾಲು ಗಂಟೆಗೆ ನಿಲ್ಲುತ್ತದೆ. ಹುಡುಕುವುದು ಇನ್ನೂ ಕಷ್ಟ. ಪ್ರಶ್ನೆಯಲ್ಲಿರುವ ಬಫ್‌ಸೈಜ್ ಅಂತೂ ಪೈಥಾನ್ ಕಡೆಯ ಬಫರ್, ಕರ್ನೆಲ್‌ನ ಪೈಪಿಗೂ ಅದಕ್ಕೂ ಸಂಬಂಧವೇ ಇಲ್ಲ.

ಉತ್ತರ 3

ಸ್ಟ್ಯಾಂಡರ್ಡ್ ಇನ್‌ಪುಟ್ ಕಡೆಗೂ ಗಮನವಿರಲಿ. ಎಫ್‌ಎಫ್‌ಎಂಪೆಗ್ ಕೀಬೋರ್ಡ್ ಕಮಾಂಡಿಗಾಗಿ ಅದನ್ನು ಓದುತ್ತಿರುತ್ತದೆ. ಫೈಲ್‌ಗಳ ಪಟ್ಟಿ ನಿಮ್ಮ ಸ್ಕ್ರಿಪ್ಟಿಗೆ ಅದೇ ದಾರಿಯಲ್ಲಿ ಬರುತ್ತಿದ್ದರೆ ಮುಂದಿನ ಹೆಸರುಗಳ ಅಕ್ಷರಗಳನ್ನೇ ನುಂಗಿಬಿಡುತ್ತದೆ. ಎಸ್‌ಟಿಡಿಇನ್‌ಗೆ ಡೆವ್‌ನಲ್ (ಖಾಲಿ ಇನ್‌ಪುಟ್) ಕೊಡಿ, ಇಲ್ಲವೇ ನೋಸ್ಟಿಡಿನ್ ಆಯ್ಕೆ ಹಾಕಿ.

ಕಮಾಂಡನ್ನು ಒಂದೇ ಸ್ಟ್ರಿಂಗ್ ಆಗಿ ಜೋಡಿಸಿ ಶೆಲ್ ಟ್ರೂ ಮಾಡಿದ್ದರೆ ಇವತ್ತೇ ತೆಗೆಯಿರಿ. ‘ಜಾತ್ರೆ; ಭಾಗ 2’ ಅಂತ ಫೈಲಿಗೆ ಹೆಸರಿದ್ದರೆ ಶೆಲ್ ಆ ಸೆಮಿಕೋಲನ್‌ಗೆ ಕಮಾಂಡ್ ಮುಗಿಯಿತೆಂದುಕೊಂಡು ‘ಭಾಗ’ ಎಂಬ ಪ್ರೋಗ್ರಾಂ ಹುಡುಕಲು ಹೋಗುತ್ತದೆ. ಲಿಸ್ಟ್ ಆಗಿ ಕೊಟ್ಟರೆ ನಡುವೆ ಶೆಲ್ಲೇ ಇರುವುದಿಲ್ಲ, ಸ್ಪೇಸ್ ಆಗಲಿ ಕೋಟ್ ಆಗಲಿ ತೊಂದರೆ ಕೊಡುವುದಿಲ್ಲ. ಟೈಮ್‌ಔಟ್ ವಿಷಯದಲ್ಲೂ ಶೆಲ್ ಕಾಟವೇ: ಎರಡು ಕಮಾಂಡ್ ಜೋಡಿಸಿ ಓಡಿಸಿದ್ದರೆ ಸಾಯುವುದು ಶೆಲ್, ಎಫ್‌ಎಫ್‌ಎಂಪೆಗ್ ಹಿಂದೆ ಓಡುತ್ತಲೇ ಇರುತ್ತದೆ.

ಪ್ರಶ್ನೆ ಕೇಳಿದವರು

ಎಸ್‌ಟ್ರೇಸ್‌ನಲ್ಲಿ ರೈಟ್, 2 ಅಂತಲೇ ಬಂತು. ರನ್‌ಗೆ ಬದಲಿಸಿದ ಮೇಲೆ ಎಲ್ಲೂ ನಿಲ್ಲುತ್ತಿಲ್ಲ, ಧನ್ಯವಾದ. ಎರಡು ಫೈಲು ಮಾತ್ರ ಬಾಕಿ. ಒಂದರ ರಿಟರ್ನ್‌ಕೋಡ್ -9. ಇನ್ನೊಂದು ಉದ್ದನೆಯ ಕನ್ನಡ ಹೆಸರಿನದು, ಕೊನೆಗೆ ‘_ಚಿಕ್ಕದು’ ಸೇರಿಸಿದರೆ ‘ಫೈಲ್ ನೇಮ್ ಟೂ ಲಾಂಗ್’ ಅನ್ನುತ್ತದೆ. ಎಣಿಸಿದರೆ ಎಂಬತ್ತು ಚಿಲ್ಲರೆ ಅಕ್ಷರ ಅಷ್ಟೇ.

ಉತ್ತರ 3

ಮೈನಸ್ ಇದ್ದರೆ ಸಿಗ್ನಲ್‌ನಿಂದ ಸತ್ತಿದೆ ಎಂದರ್ಥ. 9 ಅಂದರೆ ಸಿಗ್‌ಕಿಲ್. ನೀವು ಕೊಲ್ಲದಿದ್ದರೆ ಬಹುತೇಕ ಮೆಮೊರಿ ಸಾಲದೆ ಕರ್ನೆಲ್ ಕೊಂದಿರುತ್ತದೆ, ಡಿಮೆಸೇಜ್ (ಕರ್ನೆಲ್‌ನ ಲಾಗ್) ನೋಡಿ. ಬ್ಯಾಷ್‌ನಲ್ಲಿ ಇದೇ 137 ಎಂದು ಕಾಣುತ್ತದೆ. ಚೆಕ್ ಟ್ರೂ ಇಲ್ಲದಿದ್ದರೆ ರನ್ ಇದನ್ನೆಲ್ಲ ಮೌನವಾಗಿ ದಾಟಿಸುತ್ತದೆ.

ಹೆಸರಿನ ಮಿತಿ ಇರುವುದು ಬೈಟ್‌ಗಳಲ್ಲಿ: ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ 255. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೆ (ಯೂನಿಕೋಡ್‌ನ ಒಂದು ಚಿಹ್ನೆಗೆ) 3 ಬೈಟ್, ಅಲ್ಲಿಗೆ 85 ಕೋಡ್‌ಪಾಯಿಂಟ್‌ಗೆ ಮಿತಿ ಮುಗಿಯಿತು. ‘ಕ್ಷಿ’ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಕ, ವಿರಾಮ, ಷ, ಇಕಾರ, ಒಟ್ಟು 12 ಬೈಟ್. ಹೊಸ ಹೆಸರನ್ನು ಎನ್‌ಕೋಡ್ ಮಾಡಿ ಬೈಟ್ ಎಣಿಸಿ, ಮೀರಿದರೆ ಪದಗಳ ನಡುವಿನ ಜಾಗದಲ್ಲೇ ಕತ್ತರಿಸಿ. ಎಲ್ಲೆಂದರಲ್ಲಿ ಕತ್ತರಿಸಿದರೆ ಒತ್ತಕ್ಷರ ಅರ್ಧಕ್ಕೆ ಉಳಿಯುತ್ತದೆ.