ಅಂತರ್ಜಾಲ ಸೇವೆಯ ಸರ್ವರ್‌ಗಳಿಗೆ ಯಾವ ಆಪರೇಟಿಂಗ್ ಸಿಸ್ಟಮ್ ಸೂಕ್ತ?

ಪ್ರಶ್ನೆ, ಮಂಡ್ಯದಿಂದ:
ಮಾನ್ಯರೇ, ಕೇಬಲ್ ಟಿವಿಯಿಂದ ಆರಂಭಿಸಿ ಈಗ ಮನೆಮನೆಗೆ ಫೈಬರ್ ಸಂಪರ್ಕ ಕೊಡುತ್ತಿರುವ ಸಣ್ಣ ಸಂಸ್ಥೆ ನಮ್ಮದು. ಜಾಲತಾಣಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಗ್ರಾಹಕರ ಲಾಗಿನ್ ಪರಿಶೀಲಿಸುವ ಫ್ರೀರೇಡಿಯಸ್, ಲಾಗ್ (ಚಟುವಟಿಕೆಯ ದಾಖಲೆ) ಸಂಗ್ರಹ ಈ ಮೂರೂ ಇಂದಿಗೂ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಮೇಲೆಯೇ ನಡೆಯುತ್ತಿವೆ. ಅದರ ಭದ್ರತಾ ಅಪ್‌ಡೇಟ್‌ಗಳು 2024ರ ಜೂನ್ 30ಕ್ಕೇ ನಿಂತಿರುವುದರಿಂದ ಚಿಂತೆಯಾಗಿದೆ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮೇ ಅತ್ಯಂತ ಸುರಕ್ಷಿತವೆಂದು ಕೇಳಿದ್ದೇನೆ. ಸರ್ವರ್ ನೋಡಿಕೊಳ್ಳುವವರು ಇಬ್ಬರೇ ಇರುವಲ್ಲಿ ಅದು ಸರಿಹೋದೀತೇ?

ಉತ್ತರ, ಮೈಸೂರಿನಿಂದ:
ಓಪನ್‌ಬಿಎಸ್‌ಡಿಯ ಬಗ್ಗೆ ನನಗೆ ಅಪಾರ ಗೌರವವಿದೆ. ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ನಾವೆಲ್ಲ ನಿತ್ಯ ಬಳಸುವ ಓಪನ್‌ಎಸ್‌ಎಸ್‌ಎಚ್ ಅದರ ತಂಡದವರದೇ ಕೊಡುಗೆ. ಆದರೆ ಅದು 6 ತಿಂಗಳಿಗೊಮ್ಮೆ ಹೊಸ ಆವೃತ್ತಿ ಹೊರತರುತ್ತದೆ, ಕೊನೆಯ ಎರಡು ಆವೃತ್ತಿಗಳಿಗೆ ಮಾತ್ರ ಭದ್ರತಾ ಪರಿಹಾರ ಕೊಡುತ್ತದೆ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಆವೃತ್ತಿ ಬದಲಿಸಲೇಬೇಕು. ಸೆಂಟ್‌ಓಎಸ್ 7ನ್ನೇ ಅವಧಿ ಮುಗಿದ ಮೇಲೂ ಬದಲಿಸಲು ಬಿಡುವಾಗದಿದ್ದಾಗ, ಆ ಶಿಸ್ತು ನಿಮಗೆ ಭಾರವಾದೀತೆಂಬುದು ನನ್ನ ಅಭಿಪ್ರಾಯ. ಅದರ ಬದಲು ಡೆಬಿಯನ್ ಎಂಬ ಲಿನಕ್ಸ್ ನೋಡಿ. ಅದರ ಸ್ಥಿರ ಶಾಖೆಯಾದ ಸ್ಟೇಬಲ್‌ನ ಪ್ರತಿ ಆವೃತ್ತಿಗೆ 3 ವರ್ಷ, ಅನಂತರ ದೀರ್ಘಾವಧಿ ಬೆಂಬಲ ಸೇರಿ ಒಟ್ಟು 5 ವರ್ಷ ಅಪ್‌ಡೇಟ್ ಸಿಗುತ್ತದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದೊಳಗೆ ಅಡಗಿಸಿದ್ದ ಕಳ್ಳದಾರಿ ಬಯಲಾದಾಗ, ಅದು ಡೆಬಿಯನ್‌ನ ಟೆಸ್ಟಿಂಗ್ ಶಾಖೆಯನ್ನು ತಲುಪಿತ್ತೇ ಹೊರತು ಸ್ಟೇಬಲ್‌ಗೆ ಬಂದಿರಲಿಲ್ಲ. ಸ್ಟೇಬಲ್ ತಂತ್ರಾಂಶಗಳ ಹಳೆಯ ಆವೃತ್ತಿಗಳನ್ನೇ ಹಿಡಿದುಕೊಂಡಿರುತ್ತದೆಂದು ಕೆಲವರು ಹೇಳುವ ದೂರಿಗೆ ಅದೇ ಉತ್ತರ.

ಯಾವುದನ್ನು ಆರಿಸಿದರೂ ಡಿಎನ್‌ಎಸ್ ರಿಸಾಲ್ವರ್ (ವಿಳಾಸ ಹುಡುಕಿ ಉತ್ತರಿಸುವ ಸರ್ವರ್) ನಿಮ್ಮ ಗ್ರಾಹಕರ ಐಪಿ ವಿಳಾಸಗಳಿಗೆ ಮಾತ್ರ ಉತ್ತರಿಸುವಂತೆ ಬಿಗಿಗೊಳಿಸಿ. ಎಲ್ಲರಿಗೂ ತೆರೆದಿಟ್ಟರೆ ಅದನ್ನೇ ಬಳಸಿಕೊಂಡು ಬೇರೆಯವರ ಮೇಲೆ ದಾಳಿ ನಡೆಸುತ್ತಾರೆ.

ಇನ್ನೊಂದು ಉತ್ತರ, ಮೈಸೂರಿನಿಂದ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಲಾಗ್ ಸರ್ವರ್‌ಗೆ ಮಾತ್ರ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಅನ್ನು ಪರಿಶೀಲಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ನಮ್ಮಲ್ಲಿ ಒಮ್ಮೆ ಯುಪಿಎಸ್ ಬ್ಯಾಟರಿ ಕೈಕೊಟ್ಟು ಕರೆಂಟ್ ಹೋದ ರಾತ್ರಿ, ಫ್ರೀಬಿಎಸ್‌ಡಿಯಲ್ಲಿ ಸಿಗುವ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಡಿಸ್ಕ್‌ನಲ್ಲಿದ್ದ ದಾಖಲೆಗಳೆಲ್ಲ ಸುರಕ್ಷಿತವಾಗಿದ್ದವು. ಝಡ್‌ಎಫ್‌ಎಸ್ ಹಳೆಯ ದತ್ತಾಂಶದ ಮೇಲೆಯೇ ಬರೆಯದೆ ಹೊಸ ಜಾಗದಲ್ಲಿ ಬರೆದು, ಬಳಿಕ ದತ್ತಾಂಶ ಎಲ್ಲಿದೆಯೆಂದು ತೋರಿಸುವ ಗುರುತನ್ನು ಬದಲಿಸುವುದೇ ಇದಕ್ಕೆ ಕಾರಣ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಇಬ್ಬರೇ ಎರಡು ಬಗೆಯ ವ್ಯವಸ್ಥೆ ಕಲಿಯುವುದು ಸದ್ಯಕ್ಕೆ ಕಷ್ಟವಾದ್ದರಿಂದ ಮೂರನ್ನೂ ಡೆಬಿಯನ್‌ಗೇ ತರುತ್ತೇವೆ. ನಮ್ಮ ಎರಡು ಡಿಎನ್‌ಎಸ್ ಸರ್ವರ್‌ಗಳಲ್ಲಿ ಎರಡನೆಯದರಿಂದ ಆರಂಭಿಸಿ, ಫ್ರೀರೇಡಿಯಸ್ ಅನ್ನು ಕೊನೆಗೆ ಬದಲಿಸುವ ಯೋಚನೆಯಿದೆ.

ಉತ್ತರ, ಮೈಸೂರಿನಿಂದ:
ಆ ಕ್ರಮ ಸರಿಯಾಗಿದೆ. ಫ್ರೀರೇಡಿಯಸ್ ಸೇವೆಯ ಹೆಸರು ಸೆಂಟ್‌ಓಎಸ್‌ನಲ್ಲಿ ರೇಡಿಯಸ್‌ಡಿ, ಡೆಬಿಯನ್‌ನಲ್ಲಿ ಫ್ರೀರೇಡಿಯಸ್. ಸಂರಚನೆಯ ಫೋಲ್ಡರ್ ಕೂಡ ಬೇರೆಯೇ. ನಿಮ್ಮ ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಇವೆರಡನ್ನೂ ಮೊದಲೇ ತಿದ್ದಿಕೊಳ್ಳಿ.